ನೇಕಾರರ ಮನೆಗೆ ನೇಕಾರರೇ ಹೋಗಲಿ

ನಮಸ್ಕಾರ. ಕಳೆದ ಕೆಲವು ತಿಂಗಳುಗಳಿಂದ ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಓದುತ್ತಿರುವ ಹಲವರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ವಸ್ತುವನ್ನು ಮಾಡಿದವರಿಗೆ ನ್ಯಾಯವಾದ ಬೆಲೆ ಮುಟ್ಟಿಸುವ ನ್ಯಾಯಯುತ ವ್ಯಾಪಾರದ, ಅಂದರೆ ಫೇರ್ ಟ್ರೇಡ್‌ನ ಸ್ವಯಂಸೇವಕರಾಗಿ ಹೊರದೇಶದ ಕುಶಲಕರ್ಮಿಗಳ ಸಹಕಾರ ಸಂಘಗಳಿಗೆ ಹೋಗುವುದು ಹೇಗೆ, ನೀವು ನೇಪಾಳಕ್ಕೆ ಹೋಗಿಬಂದಿದ್ದೀರಲ್ಲ, ದಾರಿ ತಿಳಿಸಿ ಎನ್ನುತ್ತಾರೆ. ದಾರಿ ತಿಳಿಸುವುದು ಕಷ್ಟವಲ್ಲ. ಆದರೆ ಅಲ್ಲಿಗೆ ಹೋಗಬೇಕಾದವರು ಯಾರು ಎಂಬ ವಿಚಾರದಲ್ಲಿ ನನ್ನ ಮನಸ್ಸು ಬದಲಾಗಿದೆ. ಅದನ್ನು ಮೊದಲು ಹೇಳುತ್ತೇನೆ.

ಪಾಟನ್‌ನಲ್ಲಿ ನಾನು ಮಾಡಿದ ಮೊದಲ ತಪ್ಪಿನಿಂದಲೇ ಆರಂಭಿಸುತ್ತೇನೆ. ಕಠ್ಮಂಡುವಿನಿಂದ ಬಾಗಮತಿ ನದಿಯನ್ನು ದಾಟಿದರೆ ಸಿಗುವ ಆ ಹಳೆಯ ಪಟ್ಟಣದ ಓಣಿಯೊಂದರಲ್ಲಿ, ಉಣ್ಣೆಯ ಟೋಪಿ, ಶಾಲು, ಹೊದಿಕೆಗಳನ್ನು ಮಾಡುವ ಮಹಿಳೆಯರ ಸಹಕಾರ ಸಂಘವೊಂದರ ನೇಯ್ಗೆ ಕೋಣೆಗೆ ನನ್ನನ್ನು ಕರೆದುಕೊಂಡು ಹೋದರು. ನಾನು ಒಳಗೆ ಕಾಲಿಟ್ಟವಳೇ ಫೋನ್ ತೆಗೆದು ಚಿತ್ರ ತೆಗೆಯಲಾರಂಭಿಸಿದೆ. ಮಗ್ಗದಲ್ಲಿ ಕುಳಿತಿದ್ದ ಹಿರಿಯ ಹೆಂಗಸು ಲಾಳಿಯನ್ನು ಬದಿಗಿಟ್ಟು, ಹೊದ್ದ ಶಾಲನ್ನು ಸರಿಪಡಿಸಿಕೊಂಡು, ನಗುಮುಖದಿಂದ ಕುಳಿತರು. 20 ನಿಮಿಷಗಳ ಕಾಲ ಆ ಮಗ್ಗದಿಂದ ಸದ್ದು ಬರಲಿಲ್ಲ. ಅವರಿಗೆ ಸಿಗುತ್ತಿದ್ದುದು ದಿನಗೂಲಿಯಲ್ಲ, ಒಂದು ತುಂಡಿಗೆ ಇಷ್ಟು ಎಂಬ ಲೆಕ್ಕದ ಮಜೂರಿ ಎಂದು ನನಗೆ ತಿಳಿದದ್ದು ಸಂಜೆ. ಹಾಗಾದರೆ ಆ 20 ನಿಮಿಷ ಯಾರ ಗಂಟಿನಿಂದ ಹೋಯಿತು?

ಇದು ನನಗೆ ಗೊತ್ತಿರಬೇಕಾಗಿತ್ತು. ನಾನು ಚಳ್ಳಕೆರೆ ತಾಲ್ಲೂಕಿನ ಕಂಬಳಿ ನೇಯುವ ಮನೆಯಲ್ಲಿ ಬೆಳೆದವಳು. ನಮ್ಮ ಚಿಕ್ಕಪ್ಪ ಇಂದಿಗೂ ಗುಣಿಮಗ್ಗದಲ್ಲಿ ಕುಳಿತು ಕಂಬಳಿ ನೇಯುತ್ತಾರೆ. ಅಜ್ಜಿ ಇದ್ದಷ್ಟು ಕಾಲ ಕರಿ ಕುರಿಯ ಉಣ್ಣೆಯನ್ನು ಹಿಂಜಿ ರಾಟೆಯಲ್ಲಿ ನೂಲುತ್ತಿದ್ದರು. ಹುಣಸೆ ಬೀಜದ ಗಂಜಿ ಬೇಯುವ ವಾಸನೆ ಬಂದರೆ ಹಾಸು ಎನ್ನುವ ಮಗ್ಗದ ಉದ್ದನೆಯ ಎಳೆಗಳಿಗೆ ಗಂಜಿ ಹಚ್ಚುವ ದಿನವೆಂದು ಮಕ್ಕಳಾದ ನಮಗೆ ಗೊತ್ತಾಗುತ್ತಿತ್ತು. ಪಟ್ಟಣದಿಂದ ಯಾರಾದರೂ ಮಗ್ಗ ನೋಡಲು ಬಂದರೆ ಅಜ್ಜಿ ರಾಟೆಯನ್ನು ಬಿಟ್ಟೆದ್ದು ಚಹಾ ಕಾಸುತ್ತಿದ್ದರು, ಚಿಕ್ಕಪ್ಪ ಗುಣಿಯಿಂದ ಮೇಲೆ ಬಂದು ಕೈಕಟ್ಟಿ ನಿಲ್ಲುತ್ತಿದ್ದರು. ಬಂದವರು ಕಂಬಳಿಯನ್ನು ಸವರಿ, ಈ ಕಲೆ ಉಳಿಯಬೇಕು ಎಂದು ಹೇಳಿ ಹೊರಡುತ್ತಿದ್ದರು. ಅಂಥವರಲ್ಲಿ ಒಬ್ಬಳಾಗಿ ನಾನೇ ಇನ್ನೊಂದು ದೇಶದ ಮಗ್ಗದ ಮುಂದೆ ನಿಂತಿದ್ದೆ ಎಂಬುದು ಈಗಲೂ ನನ್ನನ್ನು ಕಾಡುತ್ತದೆ.

ಭೇಟಿಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನ್ಯಾಯಯುತ ವ್ಯಾಪಾರದ ಚಳವಳಿಯ ಬೇರುಗಳಲ್ಲಿಯೇ ಒಂದು ಭೇಟಿಯಿದೆ. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಎಡ್ನಾ ರೂತ್ ಬೈಲರ್ ಎಂಬ ಮಹಿಳೆ ಪೋರ್ಟೊರಿಕೊ ದ್ವೀಪಕ್ಕೆ ಹೋಗಿದ್ದರು. ಅಲ್ಲಿನ ಬಡ ಹೆಂಗಸರ ಕಸೂತಿ ಎಷ್ಟು ಸೊಗಸಾಗಿದ್ದರೂ ಅದನ್ನು ಕೊಳ್ಳುವವರಿಲ್ಲದ್ದನ್ನು ಕಂಡು, ಆ ಬಟ್ಟೆಗಳನ್ನು ಊರಿಗೆ ತಂದು, ತಮ್ಮ ಕಾರಿನಲ್ಲಿಟ್ಟುಕೊಂಡು ಪರಿಚಿತರಿಗೆ ಮಾರಿ, ಹಣವನ್ನು ಆ ಹೆಂಗಸರಿಗೇ ಮುಟ್ಟಿಸಿದರು. ಮುಂದೆ ಟೆನ್ ಥೌಸಂಡ್ ವಿಲೇಜಸ್ ಎಂಬ ಹೆಸರಿನ ಅಂಗಡಿಗಳಾಗಿ ಬೆಳೆದದ್ದು ಆ ಕೆಲಸವೇ. ಬಾಂಗ್ಲಾದೇಶದ ಯುದ್ಧ ಮುಗಿದ ಮೇಲೆ, 1973ರಲ್ಲಿ, ಢಾಕಾದಲ್ಲಿ ಜೂಟ್ ವರ್ಕ್ಸ್ ಎಂಬ ಸಂಸ್ಥೆ ಆರಂಭವಾಯಿತು. ಗಂಡಂದಿರನ್ನು ಕಳೆದುಕೊಂಡ ಹಳ್ಳಿಯ ಹೆಂಗಸರು ಸೆಣಬಿನಿಂದ ಹೆಣೆದ ಶಿಕಾಗಳನ್ನು ಅದು ಹೊರದೇಶಗಳಿಗೆ ಕಳುಹಿಸಿತು. ಶಿಕಾ ಎಂದರೆ ಬೇರೇನೂ ಅಲ್ಲ, ನಮ್ಮ ಅಡುಗೆಮನೆಯಲ್ಲಿ ಮೊಸರಿನ ಗಡಿಗೆಯನ್ನು ತೂಗುಹಾಕುತ್ತಿದ್ದ ನೆಲುವು. ಆ ನೆಲುವು ಯೂರೋಪಿನ ಮನೆಗಳಲ್ಲಿ ಹೂಕುಂಡವನ್ನು ಹೊತ್ತು ತೂಗಿತು.

ನೇಪಾಳದ ಕತೆಯಂತೂ ನಮಗೆ ಇನ್ನೂ ಹತ್ತಿರದ್ದು. ತುಳಸಿ ಮೆಹರ್ ಎಂಬ ನೇಪಾಳಿ ಗಾಂಧೀಜಿಯವರ ಆಶ್ರಮದಲ್ಲಿದ್ದು ನೂಲುವುದನ್ನು ಕಲಿತು, ಚರಕವನ್ನು ತಮ್ಮ ದೇಶಕ್ಕೆ ಕೊಂಡೊಯ್ದರು. 1977ರಲ್ಲಿ ಅವರಿಗೆ ಭಾರತ ಸರ್ಕಾರ ನೆಹರೂ ಪ್ರಶಸ್ತಿಯನ್ನು ನೀಡಿತು. ಅವರ ಪರಂಪರೆಯಲ್ಲಿ ಹುಟ್ಟಿದ ಮಹಾಗುಥಿ ಸಂಸ್ಥೆ ಇಂದು ನೇಪಾಳದ ಕುಶಲಕರ್ಮಿಗಳ ವಸ್ತುಗಳನ್ನು ನ್ಯಾಯಯುತ ವ್ಯಾಪಾರದ ಮೂಲಕ ಮಾರುತ್ತದೆ. ಬೈಲರ್ ಅವರು ವಸ್ತುವಿಗೆ ಬೆಲೆ ತಂದುಕೊಟ್ಟರು, ತುಳಸಿ ಮೆಹರ್ ಅವರು ಕೈಯಾರೆ ಕಸುಬನ್ನು ಕಲಿತರು. ಇಬ್ಬರೂ ನೋಡುವುದಕ್ಕಾಗಿ ಮಾತ್ರ ಹೋದವರಲ್ಲ.

ಕಾಫಿ, ಚಹಾ, ಬಾಳೆಹಣ್ಣಿನ ಪೊಟ್ಟಣಗಳ ಮೇಲೆ ಕಾಣುವ ಫೇರ್‌ಟ್ರೇಡ್ ಮುದ್ರೆಯ ಹಿಂದೆ ಬೆಳೆಗೊಂದು ಕನಿಷ್ಠ ಬೆಲೆ ಮತ್ತು ಅದರ ಮೇಲೆ ಸಮುದಾಯಕ್ಕೆ ಸಲ್ಲುವ ಹೆಚ್ಚುವರಿ ಹಣದ ಲೆಕ್ಕವಿರುತ್ತದೆ. ಕೈಕಸುಬಿನಲ್ಲಿ ಹಾಗೆ ಮಾಡಲಾಗದು, ಏಕೆಂದರೆ ಒಂದು ಕಂಬಳಿಯಂತೆ ಇನ್ನೊಂದಿರುವುದಿಲ್ಲ, ಬುಟ್ಟಿಗೂ ಶಾಲಿಗೂ ಒಂದೇ ದರ ಕಟ್ಟಲಾಗುವುದಿಲ್ಲ. ಆದ್ದರಿಂದ 1989ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾಗಿ ಈಗ ವಿಶ್ವ ನ್ಯಾಯಯುತ ವ್ಯಾಪಾರ ಸಂಘಟನೆ ಎನಿಸಿಕೊಂಡಿರುವ ಒಕ್ಕೂಟವು, ವಸ್ತುವಿಗೆ ಬದಲಾಗಿ ಅದನ್ನು ಮಾಡಿಸುವ ಸಂಸ್ಥೆಯ ನಡವಳಿಕೆಯನ್ನೇ 10 ತತ್ವಗಳ ಆಧಾರದ ಮೇಲೆ ಪರಿಶೀಲಿಸುತ್ತದೆ. ಕುಶಲಕರ್ಮಿಗಳು ಕೇಳಿದರೆ ಬೆಲೆಯ ಶೇಕಡಾ 50ರಷ್ಟನ್ನಾದರೂ ಬಡ್ಡಿಯಿಲ್ಲದೆ ಮುಂಗಡವಾಗಿ ಕೊಡಬೇಕು ಎಂಬ ನಿಯಮವೂ ಅದರಲ್ಲಿದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಅದು. ಮುಂಗಡ ಸಿಗದ ನೇಕಾರ ನೂಲನ್ನು ಸಾಲಕ್ಕೆ ತರುತ್ತಾನೆ. ಸಾಲ ಕೊಟ್ಟವನೇ ಮಾಲು ಕೊಳ್ಳುವವನೂ ಆದರೆ ಬೆಲೆಯನ್ನು ಯಾರು ನಿಗದಿ ಮಾಡುತ್ತಾರೆ ಎಂಬುದನ್ನು ಮೊಳಕಾಲ್ಮೂರಿನ ರೇಷ್ಮೆ ಮಗ್ಗದವರಿಗೆ ಹೊರಗಿನವರು ವಿವರಿಸಬೇಕಾಗಿಲ್ಲ.

ಪಾಟನ್‌ನಲ್ಲಿ ನಾನಿದ್ದದ್ದು ಆರು ವಾರ. ಎರಡನೆಯ ದಿನವೇ ಸಂಘದವರ ಬಳಿಗೆ ಹೋಗಿ, ನಿಮಗೆ ನನ್ನಿಂದ ಯಾವ ಕೆಲಸ ಆಗಬೇಕು ಎಂದು ಕೇಳಿದೆ. ಅವರು ಹೇಳಿದ ಕೆಲಸದಲ್ಲಿ ಫೋಟೋಕ್ಕೆ ಯೋಗ್ಯವಾದದ್ದು ಏನೂ ಇರಲಿಲ್ಲ. ಪ್ರತಿಯೊಂದು ವಸ್ತುವಿನ ಅಳತೆಯನ್ನು ಬರೆದಿಡುವುದು ಮತ್ತು ಪ್ರತಿಯೊಂದು ಹಂತಕ್ಕೆ ಹಿಡಿಯುವ ಸಮಯವನ್ನು ಗಡಿಯಾರ ಹಿಡಿದು ಗುರುತಿಸುವುದು, ಇವೆರಡೇ. ಮೂರು ವಾರ ಬರೆದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ನೇಯುವ, ಹೆಣೆಯುವ ಹೊತ್ತಿಗೆ ಮಜೂರಿ ಇತ್ತು, ಆದರೆ ಉಣ್ಣೆಯನ್ನು ತೊಳೆಯುವ, ಒಣಗಿಸುವ, ಉಂಡೆ ಸುತ್ತುವ ಹೊತ್ತು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಅದನ್ನು ಮನೆಯಲ್ಲಿ ಅತ್ತೆಯರು, ಹೆಣ್ಣುಮಕ್ಕಳು ಮಾಡುತ್ತಿದ್ದರು. ಮಳೆಗಾಲದಲ್ಲಿ ಉಣ್ಣೆ ಒಣಗಲು ದಿನಗಟ್ಟಲೆ ಬೇಕಾದರೂ ದರ ಅದೇ ಆಗಿತ್ತು. ಒಂದು ಕಂಬಳಿ ನೇಯುವುದಕ್ಕಿಂತ ಅದಕ್ಕೆ ಬೇಕಾದ ನೂಲನ್ನು ನೂಲುವುದಕ್ಕೆ ಎಷ್ಟೋ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಅಜ್ಜಿ ಹೇಳುತ್ತಿದ್ದುದು ನನಗಾಗ ನೆನಪಾಯಿತು. ಅಜ್ಜಿಯ ರಾಟೆಯ ಲೆಕ್ಕವನ್ನು ನಮ್ಮ ಮನೆಯಲ್ಲೂ ಯಾರೂ ಬರೆದಿಟ್ಟಿರಲಿಲ್ಲ. ಆ ಪಟ್ಟಿಯನ್ನು ಮುಂದಿಟ್ಟು ಸಂಘದವರು ಕೊಳ್ಳುವವರೊಂದಿಗೆ ಮಾತನಾಡಿದರು. ಕೆಲವು ವಸ್ತುಗಳ ಬೆಲೆ ಸ್ವಲ್ಪ ಏರಿತು, ಉಳಿದವುಗಳದ್ದು ಏರಲಿಲ್ಲ.

ಇನ್ನು ನನ್ನ ಮನಸ್ಸನ್ನು ಬದಲಿಸಿದ ಸಂಗತಿ. ಐದನೆಯ ವಾರದ ಒಂದು ಸಂಜೆ ಚಿಕ್ಕಪ್ಪ ವಿಡಿಯೋ ಕರೆ ಮಾಡಿದ್ದರು. ಮೊದಲ ದಿನ ಲಾಳಿ ಬದಿಗಿಟ್ಟಿದ್ದ ಆ ದೀದಿ ಪಕ್ಕದಲ್ಲೇ ಇದ್ದರು. ಚಿಕ್ಕಪ್ಪನ ಕನ್ನಡವನ್ನು ನಾನು ಹಿಂದಿಯಲ್ಲಿ ಹೇಳಿದೆ, ದೀದಿಗೆ ಅದು ಅರ್ಥವಾಗುತ್ತಿತ್ತು. ಚಿಕ್ಕಪ್ಪ ಮೊದಲು ಹಾಸನ್ನು ತೋರಿಸಲು ಹೇಳಿದರು. ದೀದಿ ಫೋನನ್ನು ಮಗ್ಗದ ಹತ್ತಿರ ಹಿಡಿದರು. ಬಳಿಕ ಚಿಕ್ಕಪ್ಪ, "ಅವರನ್ನ ಕೇಳವ್ವ, ವಾಪಸು ಬಂದ ಮಾಲಿನ ಮಜೂರಿ ಯಾರ ತಲೆ ಮೇಲೆ?" ಎಂದರು.

ಐದು ವಾರಗಳಲ್ಲಿ ನನಗೆ ಹೊಳೆಯದ ಪ್ರಶ್ನೆ ಅದು. ಅಳತೆ ಅರ್ಧ ಇಂಚು ಹೆಚ್ಚುಕಡಿಮೆಯಾಗಿ ವಾಪಸಾದ ತುಂಡಿನ ನಷ್ಟವನ್ನು ನೇಯ್ದವಳೇ ಹೊರಬೇಕೆ, ಸಂಘ ಹೊರಬೇಕೆ, ಅಳತೆಯನ್ನು ಸರಿಯಾಗಿ ತಿಳಿಸದ ವ್ಯಾಪಾರಿ ಹೊರಬೇಕೆ? ದೀದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಧ ತಮ್ಮದು ಎಂದರು. ನಾನು ಅಷ್ಟು ದಿನ ಕೇಳಿದ್ದ ಪ್ರಶ್ನೆಗಳಿಗೆಲ್ಲ, ಚೆನ್ನಾಗಿದೆ, ಸಂತೋಷವಾಗಿದ್ದೇವೆ ಎಂದೇ ಉತ್ತರಿಸಿದ್ದ ದೀದಿ, ಕಂಬಳಿ ನೇಯುವ ಒಬ್ಬ ಅಪರಿಚಿತನಿಗೆ ನಿಜ ಹೇಳಿದ್ದರು. ನನ್ನ ಆ ಪ್ರಶ್ನೆಗಳನ್ನು ಸಂಘದ ವ್ಯವಸ್ಥಾಪಕರು ಪಕ್ಕದಲ್ಲಿ ನಿಂತು ಅನುವಾದಿಸುತ್ತಿದ್ದರು, ಹಾಗಿರುವಾಗ ಬೇರೆ ಯಾವ ಉತ್ತರ ತಾನೇ ಬರುತ್ತದೆ?

ಈಗಾಗಲೇ ಹೇಳಿದ ಆ ಒಕ್ಕೂಟದ ಪರಿಶೀಲನಾ ಪದ್ಧತಿಯಲ್ಲಿ ಸಹವರ್ತಿಗಳ ಭೇಟಿಗೂ ಒಂದು ಸ್ಥಾನವಿದೆ, ಅಂದರೆ ಇದೇ ಕೆಲಸವನ್ನು ಬಲ್ಲವರು ಬಂದು ನೋಡುವ ಭೇಟಿ. ಸ್ವಯಂಸೇವೆಯೂ ಈ ದಾರಿಗೆ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದೆರಡು ವಾರಗಳ ಪ್ರವಾಸಕ್ಕೆ ಶುಲ್ಕ ಕಟ್ಟಿ ಹೊರಡಲು ಸಿದ್ಧರಿರುವ ನಮ್ಮ ಯುವಕರು, ಆ ಹಣದಲ್ಲಿ ಚಳ್ಳಕೆರೆಯ ಒಬ್ಬ ಕಂಬಳಿ ನೇಕಾರರನ್ನೋ ಮೊಳಕಾಲ್ಮೂರಿನ ಒಬ್ಬ ಸೀರೆ ನೇಕಾರರನ್ನೋ ಜೊತೆಗೆ ಕರೆದುಕೊಂಡು ಹೋಗಲಿ. ತಾವು ಅನುವಾದಕರಾಗಲಿ, ಲೆಕ್ಕ ಬರೆಯಲಿ, ಟಿಕೆಟ್ ಕಾದಿರಿಸಲಿ. ಆ ಕೆಲಸ ನಮಗೆ ಬರುತ್ತದೆ, ಅದರಲ್ಲಿ ಕೀಳೇನೂ ಇಲ್ಲ. ಸಂಘ ಕರೆಯದೆ ಹೋಗಬಾರದು, ಮತ್ತು ನಮಗಾಗಿ ಯಾರಾದರೂ ಮಗ್ಗ ನಿಲ್ಲಿಸಿದರೆ ಆ ಹೊತ್ತಿನ ಮಜೂರಿಯನ್ನು ಸಂಘದ ಮೂಲಕ ಕೊಟ್ಟು ಬರಬೇಕು.

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ ತಮ್ಮದೇ ಸಹಕಾರಿ ಅಂಗಡಿ ತೆರೆದ 28 ಜನರಲ್ಲೂ ಅನೇಕರು ನೇಕಾರರೇ ಆಗಿದ್ದರು. ನಮ್ಮ ನಾಡಿನಲ್ಲಿಯೂ 1905ರಷ್ಟು ಹಿಂದೆಯೇ ಗದಗದ ಬಳಿಯ ಕಣಗಿನಹಾಳದ ರೈತರು ಸಹಕಾರ ಸಂಘ ಕಟ್ಟಿಕೊಂಡಿದ್ದರು. ದುಡಿಯುವವರಿಗೆ ಲೆಕ್ಕ ತಿಳಿಯುವುದಿಲ್ಲ ಎಂಬ ಮಾತನ್ನು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಪಾಟನ್‌ನ ಸಂಘದವರು ಬರುವ ಚಳಿಗಾಲಕ್ಕೆ ಮತ್ತೆ ಕರೆದಿದ್ದಾರೆ. ಈ ಸಲ ಚಿಕ್ಕಪ್ಪ ಬರುತ್ತಾರೆ, ಅವರೊಂದಿಗೆ ನೂಲುವ ಕೆಲಸ ಬಲ್ಲ ನಮ್ಮ ಅತ್ತೆಯೂ ಬರುತ್ತಾರೆ. ನೇಪಾಳಕ್ಕೆ ನಮಗೆ ವೀಸಾ ಬೇಕಿಲ್ಲ, ಗುರುತಿನ ಚೀಟಿಯನ್ನು ಸಿದ್ಧಪಡಿಸಿಕೊಂಡಿದ್ದೇವೆ. ರೈಲಿನ ಖರ್ಚನ್ನು ನಾನು ನೋಡಿಕೊಳ್ಳುತ್ತೇನೆ. ಅವರಿಬ್ಬರೂ ಊರಿನಲ್ಲಿಲ್ಲದ ಮೂರು ವಾರಗಳಲ್ಲಿ ಗುಣಿಮಗ್ಗವೂ ರಾಟೆಯೂ ನಿಲ್ಲುತ್ತವಲ್ಲ, ಆ ಮಜೂರಿಯನ್ನು ಕೂಡಿಸುವ ಕೆಲಸ ಇನ್ನೂ ಬಾಕಿ ಇದೆ. ಅದಕ್ಕೆ ಕೈಜೋಡಿಸಬಯಸುವವರು ಯಾವುದಾದರೂ ಭಾನುವಾರ ಚಳ್ಳಕೆರೆಯ ಕಡೆಗೆ ಬನ್ನಿ, ಚಿಕ್ಕಪ್ಪ ಮಗ್ಗದಿಂದ ಎದ್ದ ಮೇಲೆ, ಸಂಜೆ ಆರರ ನಂತರ.