ಅಂಬಾಸಿಡರ್‌ಗೆ ವೆಬರ್ ಕಾರ್ಬ್ಯುರೇಟರ್ ಹಾಕಿದರೆ ಸಿಗ್ನಲ್‌ನಲ್ಲಿ ಯಾಕೆ ಕೆಮ್ಮುತ್ತದೆ?

ಈ ಸದ್ದು ಕೇಳಿ. ಪಫ್... ಪಫ್. ಇದು ಸೈಲೆನ್ಸರ್ ಸದ್ದಲ್ಲ, ಬಾನೆಟ್ ಒಳಗಿಂದ ಬರುತ್ತಿರೋದು. ಮೈಸೂರಿನ ಜೆ.ಎಲ್.ಬಿ. ರಸ್ತೆಯಲ್ಲಿ ಸಿಗ್ನಲ್ ಬಿಟ್ಟಿದೆ. ಆಕ್ಸಿಲರೇಟರ್ ಮೆಲ್ಲಗೆ ಒತ್ತಿದರೆ ಗಾಡಿ ಒಂದು ಕ್ಷಣ ಸುಮ್ಮನಾಗುತ್ತದೆ, ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ) ಬಾಯಿಂದ ಕೆಮ್ಮುತ್ತದೆ, ಆಮೇಲೆ ದಡಕ್ಕನೆ ಮುಂದೆ ನುಗ್ಗುತ್ತದೆ. ಹಿಂದಿದ್ದ ಆಟೋದವರು ಏನಂದರು ಅನ್ನೋದನ್ನು ಮ್ಯೂಟ್ ಮಾಡಿದ್ದೇನೆ.

ಗಾಡಿ ನಮ್ಮ ಸೋದರಮಾವನ ಅಂಬಾಸಿಡರ್. ಒಳಗಿರೋದು 1489 ಸಿಸಿಯ, ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನದ್ದೂ ಇದೇ ಬಿ-ಸೀರೀಸ್, ಇದೇ 1489 ಸಿಸಿ. ಅದಕ್ಕೆ ಎರಡು ಎಸ್‌ಯು ಕಾರ್ಬ್ಯುರೇಟರ್ ಇತ್ತು, ಅಷ್ಟೇ. 'ಟ್ಯಾಕ್ಸಿ ಎಂಜಿನ್' ಅಂತ ಮೂಗು ಮುರಿಯೋರಿಗೆ ಇದನ್ನು ಹೇಳೋದಂದ್ರೆ ನನಗೆ ಒಂಥರಾ ಖುಷಿ. ನಾನು ಹಾಕಿಸಿರೋದು ವೆಬರ್ 32/36 ಡಿಜಿವಿ, ಜೊತೆಗೆ ಫ್ರೀ-ಫ್ಲೋ ಎಕ್ಸಾಸ್ಟ್. ವೆಬರ್‌ಗೆ ಎರಡು ಬಾಯಿ. ಮೊದಲು ಚಿಕ್ಕದು ತೆರೆಯುತ್ತದೆ. ಪೆಡಲ್ ಸಾಕಷ್ಟು ಒತ್ತಿದ ಮೇಲೆ ದೊಡ್ಡದು.

ತೊಂದರೆ ಹೇಳಿಕೊಂಡರೆ ಎಲ್ಲರದ್ದೂ ಒಂದೇ ಮಾತು: 'ಮೇನ್ ಜೆಟ್ ದೊಡ್ಡದು ಹಾಕಿ'. ಜೆಟ್ ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ; ಮೇನ್ ಜೆಟ್ ಕೆಲಸ ಮಾಡೋದು ಪೆಡಲ್ ಜಾಸ್ತಿ ಒತ್ತಿದಾಗ. ಈ ಸಲಹೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸ್ಲೋ ಸ್ಪೀಡ್‌ನಲ್ಲಿ, ಅಂದರೆ ಪೆಡಲ್ ಒತ್ತದೆ ನಿಂತಿರುವಾಗ, ಎಂಜಿನ್ ಆಫ್ ಆಗದೆ ಓಡುತ್ತದೆ. ನಂಜನಗೂಡು ರಸ್ತೆಯಲ್ಲಿ ಎಂಬತ್ತರಲ್ಲಿ ಆರಾಮಾಗಿ ಹೋಗುತ್ತದೆ. ತಪ್ಪುವುದು ನಡುವಿನ ಒಂದಿಷ್ಟು ಪೆಡಲ್‌ನಲ್ಲಿ ಮಾತ್ರ. ಅಷ್ಟರಲ್ಲಿ ಮೇನ್ ಜೆಟ್ ಸರಿಯಾಗಿ ಕೆಲಸಕ್ಕೇ ಬಂದಿರಲ್ಲ. ಏನಾಗಿದೆ ಅಂತ ಕೇಳೋದಕ್ಕಿಂತ ಪೆಡಲ್ ಎಷ್ಟು ಒತ್ತಿದಾಗ ಆಗುತ್ತೆ ಅಂತ ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಆದರೆ ಕಾರ್ಬ್ಯುರೇಟರ್‌ಗೆ ಕೈ ಹಾಕುವ ಮೊದಲು ಒಂದು ಕೆಲಸ ಇದೆ. ನಮ್ಮ ಏರಿಯಾದ ಹಳೇ ಮೆಕ್ಯಾನಿಕ್ ಯಾವಾಗಲೂ ಹೇಳೋದು ಇದನ್ನೇ: 'ಮೊದಲು ಕರೆಂಟು ನೋಡಿ ಸ್ವಾಮಿ, ಪೆಟ್ರೋಲು ಆಮೇಲೆ.' ಕಿಡಿ ಕೊಡಿಸುವ ಪಾಯಿಂಟ್ ಗ್ಯಾಪ್ 15 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ), ಸ್ಪಾರ್ಕ್ ಪ್ಲಗ್ 25. ಜೊತೆಗೆ ಟ್ಯಾಪೆಟ್, ಅಂದರೆ ವಾಲ್ವ್ ಸಂದು, ಕೂಡ 15 ಥೌ. ಟೈಮಿಂಗ್ ಲೈಟ್ ಹಿಡಿದೂ ನೋಡಿದ್ದಾಯಿತು. ಎಲ್ಲಾ ಸರಿ ಇತ್ತು.

ಮುಂದಿನದು ಎಲ್ಲಾದರೂ ಸಂದಿನಿಂದ ಏರ್ ಎಳೆಯುತ್ತಿದೆಯಾ ಅನ್ನೋದು. ವೆಬರ್ ಕೂರಿಸಲು ನಡುವೆ ಅಡಾಪ್ಟರ್ ಪ್ಲೇಟ್ ಇದೆ, ಅದರ ಮೇಲೂ ಕೆಳಗೂ ಪ್ಯಾಕಿಂಗ್. ಸಂದು ಬೀಳೋಕೆ ಎರಡು ಜಾಗ ಜಾಸ್ತಿ ಆಯಿತು, ಅಲ್ವಾ? ತುಂಬಾ ಜನ ಇಲ್ಲಿ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೋಡುತ್ತಾರೆ. ಈ ಎಂಜಿನ್‌ನಲ್ಲಿ ದಯವಿಟ್ಟು ಬೇಡ. ಇನ್ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕದಲ್ಲಿವೆ. ಕಾದ ಎಕ್ಸಾಸ್ಟ್ ಮೇಲೆ ಆ ಸ್ಪ್ರೇ ಬಿದ್ದರೆ ಬೆಂಕಿಯೇ. ನಾನು ಬಟ್ಟೆ ಇಸ್ತ್ರಿಗೆ ಇಟ್ಟ ನೀರಿನ ಸ್ಪ್ರೇ ಬಾಟಲಿ ತಂದೆ. ಪ್ಯಾಕಿಂಗ್ ಅಂಚಿಗೆ ಹನಿ ಬಿದ್ದ ಕೂಡಲೇ ಸ್ಲೋ ಸ್ಪೀಡ್ ಸದ್ದು ಬದಲಾಯಿತು. ನೋಡಿ, ಇಲ್ಲಿ. ಕೆಳಗಿನ ಪ್ಯಾಕಿಂಗ್ ಹೊಸದು ಹಾಕಿ, ನಟ್‌ಗಳನ್ನು ಹದವಾಗಿ ಬಿಗಿ ಮಾಡಿದೆವು. ಜಾಸ್ತಿ ಬಿಗಿದರೆ ಕಾರ್ಬ್ಯುರೇಟರ್ ಬುಡವೇ ಸೊಟ್ಟಗಾಗುತ್ತದೆ. ಕೆಮ್ಮು ಕಡಿಮೆ ಆಯಿತು, ಹೋಗಲಿಲ್ಲ.

ಪೆಡಲ್ ಒತ್ತಿದ ಕೂಡಲೇ ಒಂದು ಗುಟುಕು ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪ್ ಇರಬಹುದಾ? ಎಂಜಿನ್ ಆಫ್ ಮಾಡಿ, ಕಾರ್ಬ್ಯುರೇಟರ್ ಬಾಯೊಳಗೆ ನೋಡುತ್ತಾ ಥ್ರಾಟಲ್ ಲಿವರ್ ಎಳೆಯಿರಿ. ತಕ್ಷಣ ಪೆಟ್ರೋಲ್ ಚಿಮ್ಮಬೇಕು. ಚಿಮ್ಮಿತು. ಅದೂ ಅಲ್ಲದೆ, ಪಂಪ್ ಕೆಟ್ಟರೆ ಪೆಡಲ್ ಗಬಕ್ಕನೆ ಒತ್ತಿದಾಗ ಗಾಡಿ ತಡವರಿಸುತ್ತದೆ. ನಮ್ಮದು ಮೆಲ್ಲಗೆ ಒತ್ತಿದಾಗ.

ಇನ್ನು ಉಳಿದದ್ದು ಸ್ಲೋ ಜೆಟ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸ್ಲೋ ಸ್ಪೀಡ್‌ನಲ್ಲಿ ಪೆಡಲ್ ತೆರೆಯುವ ಥ್ರಾಟಲ್ ತಟ್ಟೆ ಹೆಚ್ಚುಕಮ್ಮಿ ಮುಚ್ಚಿರುತ್ತದೆ. ಪೆಟ್ರೋಲ್ ಬರೋದು ಮಿಕ್ಸ್ಚರ್ ಸ್ಕ್ರೂ ಇರುವ ಚಿಕ್ಕ ತೂತಿನಿಂದ. ತಟ್ಟೆ ಸ್ವಲ್ಪ ತೆರೆದರೆ ಅದರ ಅಂಚಿನಲ್ಲಿ ಇನ್ನೂ ಒಂದೆರಡು ಸಣ್ಣ ತೂತು ತೆರೆದುಕೊಳ್ಳುತ್ತವೆ. ಮೇನ್ ಜೆಟ್ ಶುರುವಾಗುವ ತನಕ ಗಾಡಿ ನಡೆಯೋದು ಆ ತೂತುಗಳಿಂದ. ಇವೆಲ್ಲಕ್ಕೂ ಪೆಟ್ರೋಲ್ ಕೊಡೋದು ಒಂದೇ ಸ್ಲೋ ಜೆಟ್. ಅದು ಚಿಕ್ಕದಾದರೆ ಇಲ್ಲಿ ಪೆಟ್ರೋಲ್‌ಗೆ ಬಡತನ. ಕಾರ್ಬ್ಯುರೇಟರ್ ಬಾಯಿಂದ ಬರುವ ಪಫ್ ಸಾಮಾನ್ಯವಾಗಿ ಪೆಟ್ರೋಲ್ ಸಾಲದ್ದರ ಗುರುತು.

ಪರೀಕ್ಷೆ ಸುಲಭ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಮಿಕ್ಸ್ಚರ್ ಸ್ಕ್ರೂ ಮೆತ್ತಗೆ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಹೊರಗೆ ಬಿಡುತ್ತಾ ಬನ್ನಿ. ಎಂಜಿನ್ ಅತಿ ನಯವಾಗಿ ಓಡುವುದು ಎರಡು ಸುತ್ತು ದಾಟಿದ ಮೇಲೆ ಅಂದರೆ ಜೆಟ್ ಚಿಕ್ಕದು. ಒಂದು ಸುತ್ತಿಗೂ ಮೊದಲೇ ಅಂದರೆ ದೊಡ್ಡದು. ನಮ್ಮದು ಎರಡೂವರೆ ದಾಟಿಯೂ 'ಇನ್ನೂ ಬೇಕು' ಅನ್ನುತ್ತಿತ್ತು. ಈ ಕೊರತೆ ಮುಚ್ಚಲು ಥ್ರಾಟಲ್ ತಟ್ಟೆಯನ್ನು ಸ್ವಲ್ಪ ತೆರೆದಿಡುವ ಸ್ಪೀಡ್ ಸ್ಕ್ರೂ ಒಳಗೆ ತಿರುಗಿಸಿಟ್ಟಿದ್ದರಿಂದ ಆ ಸಣ್ಣ ತೂತುಗಳು ಮೊದಲೇ ತೆರೆದು ಕೂತಿದ್ದವು. ಪೆಡಲ್ ಒತ್ತಿದಾಗ ಹೊಸದಾಗಿ ಕೊಡಲು ಏನೂ ಉಳಿದಿರಲಿಲ್ಲ.

ಜೆಟ್ ಮೇಲಿನ ನಂಬರ್ ಅಂದರೆ ತೂತಿನ ಅಳತೆ. 50 ಅಂದರೆ 0.50 ಮಿಲಿಮೀಟರ್. 50 ತೆಗೆದು 55 ಹಾಕಿದೆ. ಡಿಜಿವಿಯಲ್ಲಿ ಇದು ಹೊರಗಡೆ ಪಕ್ಕದಲ್ಲೇ ಇದೆ, ಮುಚ್ಚಳ ಬಿಚ್ಚಬೇಕಿಲ್ಲ, ಒಂದು ಸ್ಕ್ರೂಡ್ರೈವರ್ ಸಾಕು. ಈಗ ನಯವಾದ ಜಾಗ ಒಂದೂವರೆ ಸುತ್ತಿಗೆ ಬಂತು. ಸ್ಪೀಡ್ ಸ್ಕ್ರೂ ಕೂಡ ವಾಪಸ್ ಬಂತು.

ಜೆಟ್ ಸಾಲದೆ ಹೋಗಲು ಪೆಟ್ರೋಲ್ ಕೂಡ ಒಂದು ಕಾರಣ. ಈಗ ಬಂಕ್‌ಗಳಲ್ಲಿ ಸಿಗೋದು ಹೆಚ್ಚಾಗಿ ಶೇಕಡ 20 ಎಥನಾಲ್ ಬೆರೆತದ್ದು. ಒಂದು ಕೆಜಿ ಶುದ್ಧ ಪೆಟ್ರೋಲ್ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಸಾಕು. ಅಂದರೆ ಅಷ್ಟೇ ಗಾಳಿಗೆ ಈ ಬೆರಕೆ ಪೆಟ್ರೋಲ್ ಜಾಸ್ತಿ ಬೇಕು. ಹೊಸ ಕಾರುಗಳಲ್ಲಿ ಸೆನ್ಸರ್ ಇದೆ, ಅಳೆದು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಕಾರ್ಬ್ಯುರೇಟರ್‌ಗೆ ಏನು ಗೊತ್ತು ಪಾಪ, ತೂತು ಇರುವಷ್ಟೇ ಬಿಡುತ್ತದೆ. ಮಂಡ್ಯದ ಕಬ್ಬಿನ ಗದ್ದೆ ಪಕ್ಕದಲ್ಲೇ ಓಡಾಡಿಕೊಂಡಿದ್ದ ಗಾಡಿಗೆ ಕಬ್ಬಿನ ಎಥನಾಲೇ ಒಗ್ಗುತ್ತಿಲ್ಲ ನೋಡಿ. ಹಳೇ ರಬ್ಬರ್ ಪೈಪ್‌ಗಳನ್ನೂ ಇದು ತಿನ್ನುತ್ತದೆ. ಎಲ್ಲಾ ಬದಲಿಸಿಬಿಟ್ಟೆ.

ಈಗ ಚಾಮುಂಡಿ ಬೆಟ್ಟದ ರಸ್ತೆ. ಎರಡನೇ ಗೇರ್, ಕಾಲು ಭಾಗ ಪೆಡಲ್. ಕೇಳಿಸಿತಾ? ಕೆಮ್ಮಿಲ್ಲ. ನಂದಿ ಕಡೆ ತಿರುಗುವಲ್ಲಿ ಪೆಡಲ್ ಪೂರ್ತಿ ಒತ್ತಿದಾಗ, ದೊಡ್ಡ ಬಾಯಿ ತೆರೆಯುವ ಹೊತ್ತಿಗೆ, ಸಣ್ಣದೊಂದು ಜೋಲಿ ಹೊಡೆಯುತ್ತದೆ. ಅದು ಸೆಕೆಂಡರಿ, ಅಂದರೆ ದೊಡ್ಡ ಬಾಯಿ, ಕಡೆಯ ಸ್ಲೋ ಜೆಟ್ ಇರಬೇಕು ಅನ್ನೋದು ನನ್ನ ಅನುಮಾನ. ಆದರೆ ಕಲ್ಹಟ್ಟಿ ಘಾಟ್ ಹತ್ತಿ ಊಟಿಗೆ ಹೋಗೋ ಪ್ಲಾನ್ ಇದೆ. ಮೈಸೂರು ಸುಮಾರು 770 ಮೀಟರ್ ಎತ್ತರ, ಊಟಿ 2,240. ಅಲ್ಲಿ ಗಾಳಿ ತೆಳು, ಮಿಕ್ಸ್ಚರ್ ತಾನಾಗೇ ರಿಚ್ ಆಗುತ್ತದೆ, ಅಂದರೆ ಗಾಳಿಗೆ ಪೆಟ್ರೋಲ್ ಜಾಸ್ತಿಯಾಗುತ್ತದೆ. ಅದಕ್ಕೇ ಈಗಲೇ ಆ ಜೆಟ್ ದೊಡ್ಡದು ಮಾಡುತ್ತಿಲ್ಲ. ಘಾಟ್ ಹತ್ತಿ ಪ್ಲಗ್ ಬಿಚ್ಚಿ, ಪೆಟ್ರೋಲ್ ಜಾಸ್ತಿಯೋ ಕಮ್ಮಿಯೋ ಅಂತ ಅದರ ಬಣ್ಣ ನೋಡಿದ ಮೇಲೆ ಅದರ ವಿಡಿಯೋ ಹಾಕುತ್ತೇನೆ.