ತೊಡೆಯ ಮೇಲಿನ ಆ ಕೆಂಪು ಪಟ್ಟಿ

ಇದು ಆಪರೇಷನ್ ಆದ ಮಾರನೇ ದಿನ ಮೊಬೈಲಿನಲ್ಲಿ ತೆಗೆದದ್ದು. ಮಂಡಿಯ ಬ್ಯಾಂಡೇಜ್ ಬಿಡಿ, ಅದರ ಮೇಲೆ ನೋಡಿ. ತೊಡೆಯ ಸುತ್ತ ಅಂಗೈ ಅಗಲಕ್ಕೆ ಕೆಂಪಗೆ ಕಾಣುತ್ತದಲ್ಲ, ಅದು. ಮಂಡಿಗೆ ಹಾಕಿದ್ದು ಎರಡೇ ಎರಡು ಸಣ್ಣ ತೂತು. ಅಲ್ಲಿ ಅಷ್ಟೇನೂ ನೋವಿರಲಿಲ್ಲ. ರಾತ್ರಿಯಿಡೀ ನಿದ್ದೆ ಕೆಡಿಸಿದ್ದು ಈ ತೊಡೆ. ಒನಕೆಯಿಂದ ಕುಟ್ಟಿ ಹಾಕಿದ ಹಾಗಿತ್ತು.

ನಮ್ಮದು ಹೊನ್ನಾವರದ ಕಡೆ. ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತದ ಮಾತು ಇನ್ನೂ ಮನೆಮನೆಯಲ್ಲಿ ಬರುವ ಸೀಮೆ. ನಾನೂ ಹವ್ಯಾಸಿ ವೇಷಧಾರಿ, ವರ್ಷಕ್ಕೆ ಏಳೆಂಟು ಆಟ. ನಮ್ಮ ಕಡೆಯ ಯಕ್ಷಗಾನ ಶೈಲಿ ಬಡಗುತಿಟ್ಟಿನಲ್ಲಿ ಮಂಡಿ ಕುಣಿತ ಇದೆ, ನಿಮಗೆ ಗೊತ್ತು. ಮಂಡಿಯನ್ನು ನೆಲಕ್ಕೆ ಊರಿ ಗಿರ್ರನೆ ತಿರುಗುವುದು. ಅಭಿಮನ್ಯು ಬಂದು ಒಂದು ಸುತ್ತು ಹಾಗೆ ತಿರುಗದಿದ್ದರೆ ನಮ್ಮೂರಿನವರಿಗೆ ಆಟ ನೋಡಿದ ಹಾಗೇ ಆಗುವುದಿಲ್ಲ. ಚಕ್ರವ್ಯೂಹದ ಪದ್ಯಕ್ಕೆ ತಿರುಗುವಾಗ ನನ್ನ ಬಲ ಮಂಡಿಯೊಳಗೆ ಟಕ್ ಅಂತು. ಎಂಆರ್‌ಐಯಲ್ಲಿ ಮೆನಿಸ್ಕಸ್ ಹರಿದದ್ದು ಕಂಡಿತು. ಮಂಡಿಯ ಎರಡು ಮೂಳೆಗಳ ನಡುವೆ ಇರುವ ಮೆತ್ತೆ ಅದು.

ಆಪರೇಷನ್‌ಗೆ ಜಿಲ್ಲೆ ಬಿಟ್ಟು ಹೋದೆವು. ಇಲ್ಲಿಯವರು ತುಂಬ ಜನ ಹಾಗೇ ಮಾಡುತ್ತಾರೆ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ. ಕಾರವಾರದವರಾದರೆ ಗೋವಾ. ಆ ದಾರಿಯ ಕಷ್ಟವನ್ನು ಇನ್ನೊಂದು ವಿಡಿಯೊದಲ್ಲಿ ಹೇಳುತ್ತೇನೆ.

ಈಗ ಆ ಪಟ್ಟಿಯ ವಿಷಯ. ಕೀಹೋಲ್ ಆಪರೇಷನ್‌ನಲ್ಲಿ ಒಂದು ತೂತಿನಿಂದ ಪೆನ್ಸಿಲ್‌ನಷ್ಟು ದಪ್ಪದ ಕ್ಯಾಮೆರಾ ಒಳಗೆ ಹೋಗುತ್ತದೆ, ಇನ್ನೊಂದರಿಂದ ಕತ್ತರಿಸುವ ಸಲಕರಣೆ. ಒಳಗೆ ಸಲೈನ್ ನೀರು ತುಂಬಿಸಿ ನೋಡುತ್ತಾರೆ. ಆ ನೀರಿಗೆ ಸ್ವಲ್ಪ ರಕ್ತ ಸೇರಿದರೂ ಸಾಕು, ಕೆಂಪು. ಮಳೆಗಾಲದ ಶರಾವತಿಗೆ ಕೈ ಇಳಿಸಿದರೆ ನಮ್ಮ ಬೆರಳು ನಮಗೇ ಕಾಣುವುದಿಲ್ಲ, ಹಾಗೆ. ಅದಕ್ಕೇ ತೊಡೆಗೆ ಗಾಳಿ ತುಂಬುವ ಪಟ್ಟಿ ಕಟ್ಟಿ ರಕ್ತ ಕೆಳಗೆ ಬಾರದಂತೆ ತಡೆಯುತ್ತಾರೆ. ಟೂರ್ನಿಕೆಟ್ ಅನ್ನುವುದು ಇದಕ್ಕೇ. ನೋಡಿದರೆ ಬಿಪಿ ನೋಡುವ ಪಟ್ಟಿಯ ಅಣ್ಣನ ಹಾಗಿದೆ. ಸಂಬಂಧವೂ ನಿಜ. 1904ರಲ್ಲಿ ಗಾಳಿ ತುಂಬುವ ಟೂರ್ನಿಕೆಟ್ ತಂದ ಅಮೆರಿಕದ ಸರ್ಜನ್ ಹಾರ್ವೆ ಕುಶಿಂಗ್ ಅದನ್ನು ಮಾಡಿದ್ದು ಬಿಪಿ ಪಟ್ಟಿಯನ್ನು ನೋಡಿಯೇ.

ಬಿಪಿ ನೋಡುವಾಗ ತೋಳು ಬಿಗಿಯಾಗುವುದು ಅರ್ಧ ನಿಮಿಷ. ಇಲ್ಲಿ ಹಾಗಲ್ಲ. ತೊಡೆಗೆ ಸಾಮಾನ್ಯವಾಗಿ, ಬಿಪಿ ಅಳೆಯುವ ಅದೇ ಲೆಕ್ಕದಲ್ಲಿ, 250ರಿಂದ 300ರ ತನಕ ಒತ್ತಡ ಕೊಡುತ್ತಾರೆ. ನನ್ನ ಕಾಗದದಲ್ಲಿ 280 ಅಂತಿದೆ, 50 ನಿಮಿಷ. ಎರಡು ತಾಸು ದಾಟಬಾರದು ಅಂತ ಡಾಕ್ಟರುಗಳು ಗಡಿಯಾರ ನೋಡುತ್ತಲೇ ಇರುತ್ತಾರೆ. ಅಷ್ಟು ಹೊತ್ತು ಒತ್ತಿಸಿಕೊಂಡ ಸ್ನಾಯು, ನರ ಎರಡೂ ಮುನಿಸಿಕೊಳ್ಳುತ್ತವೆ. ನೋವು ಬರುವುದು ಅದಕ್ಕೇ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ನನಗೆ ಆರು ದಿನ ಹಿಡಿಯಿತು.

ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ರಾತ್ರಿ ನರ್ಸನ್ನು ಕರೆದು ಹೇಳಿದರೆ, ಆಪರೇಷನ್ ಆಗಿದೆಯಲ್ವಾ, ನೋವು ಇರುತ್ತದೆ ಅಂದರು. ಮಂಡಿಯಲ್ಲ ಸಿಸ್ಟರ್, ತೊಡೆ ಅಂದೆ. ಮಾತ್ರೆ ಕೊಟ್ಟು ಹೋದರು. ಆಪರೇಷನ್ ಎಲ್ಲೋ ತಪ್ಪಿತು ಅಂತ ನಾನು, ಆಯಿ ಇಬ್ಬರೂ ಬೆಳಗಿನ ತನಕ ಹೆದರಿ ಕೂತಿದ್ದೆವು. ಎರಡು ನಿಮಿಷದ ಮಾತು ಆ ರಾತ್ರಿಯನ್ನು ಉಳಿಸುತ್ತಿತ್ತು. ಈ ವಿಡಿಯೊ ಮಾಡುತ್ತಿರುವುದು ಅದಕ್ಕೇ.

ಇದು ಮೂರನೇ ದಿನ. ಫಿಸಿಯೋ ಮೇಡಂ ಕಾಲು ನೆಟ್ಟಗೆ ಇಟ್ಟು ಎತ್ತಿ ಅಂದರು. ಎತ್ತಿದೆ ಅಂತಲೇ ನನಗೆ ಅನ್ನಿಸಿತು. ನೋಡಿದರೆ ಹಿಮ್ಮಡಿ ಹಾಸಿಗೆ ಬಿಟ್ಟು ಎದ್ದಿಲ್ಲ. ಹನ್ನೆರಡು ವರ್ಷ ಕುಣಿದ ಕಾಲು! ಕಣ್ಣೀರು ಬಂತು. ಆಗ ಅವರು ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದರು. ಮಂಡಿಯೊಳಗೆ ನೀರು, ಊತ ಇದ್ದರೆ ತೊಡೆಯ ಮುಂದಿನ ಸ್ನಾಯುವಿಗೆ ಹೋಗುವ ಸೂಚನೆಯನ್ನು ಮೈಯೇ ತಡೆದುಬಿಡುತ್ತದಂತೆ. ಅದರ ಮೇಲೆ ಪಟ್ಟಿಯ ಪೆಟ್ಟು ಬೇರೆ. ನೀವು ಸೋಮಾರಿಯಲ್ಲ, ಸ್ನಾಯು ಮಲಗಿದೆ, ಎಬ್ಬಿಸಬೇಕು ಅಂದರು.

ಎಬ್ಬಿಸುವುದು ಹೀಗೆ. ಮಂಡಿಯ ಕೆಳಗೆ ಟವೆಲ್ ಸುರುಳಿ. ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡುವುದು. ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಾ ಇರುವುದು. ಬಟ್ಟೆ ಸುತ್ತಿದ ಐಸು ಹದಿನೈದು ನಿಮಿಷ. ನನಗೆ ಹರಿದ ತುಂಡನ್ನು ಕತ್ತರಿಸಿ ತೆಗೆದದ್ದು, ಹಾಗಾಗಿ ಬೇಗ ಕಾಲೂರಿಸಿದರು. ಮೆನಿಸ್ಕಸ್‌ಗೆ ಹೊಲಿಗೆ ಹಾಕಿದವರ ಲೆಕ್ಕ ಬೇರೆ, ಅವರು ವಾರಗಟ್ಟಲೆ ಕಾಯಬೇಕು. ನನ್ನದನ್ನು ನೋಡಿ ಸುಮ್ನೆ ನಡೆಯಬೇಡಿ.

ಒಂದನ್ನು ಮಾತ್ರ ಮರೆಯಬೇಡಿ. ತೊಡೆಯ ನೋವು ಸರಿ, ಆದರೆ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಮನೆಯಲ್ಲಿ ಕೂರಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ಉಸಿರು ಕಟ್ಟಿದ ಹಾಗಾದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಪಾದದ ಜೋಮು ಬಿಡದೇ ಇದ್ದರೂ ಡಾಕ್ಟರಿಗೆ ಹೇಳಿ.

ಆಪರೇಷನ್‌ಗೆ ಮೊದಲು ಕೇಳಲು ಸಂಕೋಚ ಬೇಡ. ಪಟ್ಟಿ ಕಟ್ಟುತ್ತೀರಾ, ಎಷ್ಟು ಹೊತ್ತು? ಪಂಪಿನಿಂದ ನೀರಿನ ಒತ್ತಡ ಸರಿಹೊಂದಿಸಿ, ಪಟ್ಟಿಗೆ ಗಾಳಿ ತುಂಬದೆಯೇ ಮುಗಿಸುವ ಸರ್ಜನ್‌ಗಳೂ ಇದ್ದಾರೆ. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಕಾಲಿನ ರಕ್ತನಾಳದ ತೊಂದರೆ ಅಥವಾ ಸಿಕಲ್ ಸೆಲ್ ಕಾಯಿಲೆ ಇದ್ದರೆ ಅದನ್ನು ಅವರು ಕೇಳುವ ಮೊದಲೇ ನೀವು ಹೇಳಿಬಿಡಿ.

ಇದು ಇವತ್ತು ಬೆಳಿಗ್ಗೆ, ಆರನೇ ವಾರ. ಆಯಿ ರವಿಕೆ ಹೊಲಿಯುವ ಟೇಪು ಹಿಡಿದು ನನ್ನ ಎರಡೂ ತೊಡೆ ಅಳೆಯುತ್ತಿದ್ದಾಳೆ. ಎರಡನೇ ವಾರದಲ್ಲಿ ಬಲಗಾಲು ಮೂರು ಸೆಂಟಿಮೀಟರ್ ಸಣ್ಣ ಇತ್ತು. ಇವತ್ತು ಒಂದೂವರೆ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದದ್ದು ಅವಳೇ. ಕುಣಿತದ ಮಾತು ಈಗ ಬೇಡ ಅಂದಿದ್ದಾರೆ ಡಾಕ್ಟರು. ಗೆಜ್ಜೆ ಅಟ್ಟದ ಮೇಲಿದೆ. ಮುಂದಿನ ಸೋಮವಾರ ಮತ್ತೆ ಅಳೆಯುತ್ತೇವೆ.