ಬೇಡದ ಔಷಧಿ, ಬೇಕಾದ ಅಕ್ಕ | ಕಡಲ ತೀರದ ಒಂದು ಊರಲ್ಲಿ ಆರೋಗ್ಯ ಸ್ವಯಂಸೇವಕರ ಜೊತೆ

ಗಾಳಿ ಸದ್ದು ಜಾಸ್ತಿ ಕೇಳಿಸುತ್ತಿದೆ ಅಲ್ವಾ? ಅದಕ್ಕೇ ಆಮೇಲೆ ಕೂತು ದನಿ ಕೊಡುತ್ತಿದ್ದೇನೆ. ದೋಣಿ ಹತ್ತಿದ್ದು, ಇಳಿದದ್ದು ನಿಮಗೆ ಕಾಣುತ್ತಲೇ ಇದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಊರಿನ ಹೆಸರು ಹೇಳುವುದಿಲ್ಲ, ಚಿಕಿತ್ಸೆಗೆ ಬಂದವರ ಮುಖ ತೋರಿಸುವುದಿಲ್ಲ. ಸಣ್ಣ ಊರು. ಯಾರಿಗೆ ಯಾವ ಕಾಯಿಲೆ ಅಂತ ವಿಡಿಯೋ ನೋಡಿ ಜನ ಆಡಿಕೊಳ್ಳಬಾರದು. ಕಾಮೆಂಟಿನಲ್ಲೂ ಕೇಳಬೇಡಿ.

ಇದು ದೋಣಿ ಹತ್ತುವ ಮುಂಚಿನ ಶಾಟ್. ನೀಲಿ ಡಬ್ಬದ ಪಕ್ಕ ಕೂತಿರುವವರು ಇಲ್ಲಿನ ಸ್ವಯಂಸೇವಕಿ. ನಾನು ಅಕ್ಕ ಅಂತಲೇ ಕರೆಯುವುದು. ಡಬ್ಬದಲ್ಲಿ ಮಕ್ಕಳ ಲಸಿಕೆ ಹೋಗಬೇಕು. ಒಳಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಿಸಿಲಿಗೆ ಲಸಿಕೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಲವು ಕೆಡುತ್ತವೆ, ಹೆಪಟೈಟಿಸ್ ಬಿ ಲಸಿಕೆ ಅಂಥದ್ದು. ಹಾಗಾಗಿ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಸೀದಾ ಡಬ್ಬಕ್ಕೆ ಇಡುವ ಹಾಗಿಲ್ಲ. ಅಕ್ಕ ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾರೆ, ನೋಡಿ. ಒಳಗೆ ನೀರು ಕುಲುಕುವ ಸದ್ದು ಬರಬೇಕು. ಬಂದರೆ ಮಾತ್ರ ಒಳಕ್ಕೆ. ಪಕ್ಕದಲ್ಲಿ ದೋಣಿಯವರು ಹೊತ್ತಾಯ್ತು, ಹೊತ್ತಾಯ್ತು ಅಂತಿದ್ದಾರೆ. ಅಕ್ಕ ತಲೆ ಎತ್ತಿಯೂ ನೋಡಲಿಲ್ಲ.

ಚುಚ್ಚುವುದು ನರ್ಸ್. ಮಕ್ಕಳನ್ನು ಹುಡುಕಿ ಕರೆತರುವುದು ಅಕ್ಕನ ಕೆಲಸ. ಕೇಳೋಕೆ ಸಣ್ಣದು. ಆದರೆ ಮೀನುಗಾರರ ಮನೆಗಳಲ್ಲಿ ಯಾರು ಯಾವಾಗ ಊರಲ್ಲಿರುತ್ತಾರೆ, ಯಾವ ಕುಟುಂಬ ಕೆಲಸ ಹುಡುಕಿಕೊಂಡು ಬೇರೆ ಬಂದರಿಗೆ ಹೋಗಿದೆ, ಯಾವ ಬಾಣಂತಿ ತವರಿನಿಂದ ವಾಪಸ್ ಬಂದಿದ್ದಾಳೆ, ಇದು ಯಾವ ಕಂಪ್ಯೂಟರಿನಲ್ಲೂ ಇರುವುದಿಲ್ಲ. ಅಕ್ಕನ ತಲೆಯಲ್ಲಿದೆ.

ಸರಿ, ಈಗ ಈ ರಟ್ಟಿನ ಪೆಟ್ಟಿಗೆಗಳು. ಇವತ್ತಿನ ವಿಡಿಯೋ ಉದ್ದ ಆಗಿದ್ದೇ ಇವುಗಳಿಂದ. ಹೊರಗಿನವರು ಯಾರೋ ದಾನ ಅಂತ ಕಳಿಸಿದ ಔಷಧಿ. ಯಾರು ಅಂತ ಹೇಳುವುದಿಲ್ಲ. ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ. ಅರ್ಧ ಖಾಲಿಯಾದ ಕೆಮ್ಮಿನ ಸಿರಪ್, ಮುಚ್ಚಳದ ಸುತ್ತ ಅಂಟು. ಈ ಬಾಟಲಿ ಮೇಲಿನ ಭಾಷೆ ಇಲ್ಲಿ ಯಾರಿಗೂ ಓದಲು ಬರುವುದಿಲ್ಲ. ಇದೊಂದು ಮಾತ್ರೆ ಸ್ಟ್ರಿಪ್, ಕತ್ತರಿಯಲ್ಲಿ ಅರ್ಧ ಕತ್ತರಿಸಿದ್ದಾರೆ. ಹೆಸರು, ತಾರೀಖು ಎರಡೂ ಇದ್ದ ಭಾಗ ಅವರ ಮನೆಯಲ್ಲೇ ಉಳಿದಿದೆ. ಇಲ್ಲಿಗೆ ಬಂದಿರುವುದು ನಾಲ್ಕು ಬಿಳಿ ಮಾತ್ರೆ. ಯಾವ ಮಾತ್ರೆ? ಜ್ವರದ್ದಾ, ಸಕ್ಕರೆ ಕಾಯಿಲೆಯದ್ದಾ? ಹೇಗೆ ಗೊತ್ತಾಗಬೇಕು?

ನನಗೆ ನಿಜಕ್ಕೂ ಸಿಟ್ಟು ಬಂತು. ಇದು ದಾನ ಅಲ್ಲ, ಮನೆ ಕಸ ಇನ್ನೊಬ್ಬರ ಅಂಗಳಕ್ಕೆ ಗುಡಿಸಿದ ಹಾಗೆ. ಇದನ್ನೆಲ್ಲ ವಿಂಗಡಿಸೋಕೆ ಇಬ್ಬರು ಸ್ವಯಂಸೇವಕರು ಅರ್ಧ ದಿನ ಕೂತರು. ಆ ಅರ್ಧ ದಿನದಲ್ಲಿ ಎಷ್ಟು ಮನೆಗೆ ಹೋಗಬಹುದಿತ್ತು! ಸಮುದ್ರಕ್ಕೆ ಎಸೆಯುವಂತಿಲ್ಲ, ಮರಳಲ್ಲಿ ಹೂಳುವಂತಿಲ್ಲ. ಸರಿಯಾಗಿ ಸುಡುವ ವ್ಯವಸ್ಥೆ ಇರುವ ಕಡೆಗೆ ವಾಪಸ್ ಹೊರಬೇಕು, ಅದೇ ದೋಣಿಯಲ್ಲಿ.

ಇದು ಹೊಸ ಕಥೆಯೂ ಅಲ್ಲ. 2004ರ ಸುನಾಮಿ ಆದಮೇಲೆ ಇಂಡೋನೇಷ್ಯಾದ ಅಚೆ ಪ್ರಾಂತ್ಯಕ್ಕೆ ಸುಮಾರು 4000 ಟನ್ ಔಷಧಿ ಬಂದು ಬಿತ್ತು. ಅಲ್ಲಿದ್ದ ಜನ 20 ಲಕ್ಷಕ್ಕಿಂತ ಕಡಿಮೆ. ಬಹುಪಾಲು ಯಾರೂ ಕೇಳದೇ ಇದ್ದ ಔಷಧಿ. ನೂರಾರು ಟನ್ ನಾಶ ಮಾಡಬೇಕಾಯಿತು, ಅದಕ್ಕೂ ದುಡ್ಡು. ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ನಿಯಮ ಬರೆದಿಟ್ಟಿದೆ: ಬಂದು ತಲುಪುವ ಹೊತ್ತಿಗೆ ಕನಿಷ್ಠ ಒಂದು ವರ್ಷ ಬಾಳಿಕೆ ಇರಬೇಕು, ಲೇಬಲ್ ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ರೋಗಿಗಳು ಬಳಸಿ ಮಿಕ್ಕಿದ್ದು ಕಳಿಸಬಾರದು. ಅಷ್ಟೇ.

ಶೂಟ್ ಮಾಡುವಾಗ ಔಷಧಿ ದಾನವೇ ನಿಲ್ಲಿಸಿ ಅಂತ ಕೂಗಿದ್ದೆ, ಅದನ್ನು ಕತ್ತರಿಸಿದ್ದೇನೆ. ಈಗ ಹೇಳುವುದು ಇಷ್ಟು. ಮೊದಲು ಕೇಳಿ. ಏನು ಬೇಕು ಅಂತ ಇಲ್ಲಿನವರೇ ಪಟ್ಟಿ ಕೊಡುತ್ತಾರೆ. ಅದರಲ್ಲಿ ಇರುವುದನ್ನು ಮಾತ್ರ ಕಳಿಸಿ.

ಅಯ್ಯೋ, ಬಿಪಿ ನೋಡುವ ಶಾಟ್ ಶುರುವಾಗಿಬಿಟ್ಟಿತು. ಅಜ್ಜಿಯ ಕೈ ಮಾತ್ರ ಕಾಣುವ ಹಾಗೆ ಇಟ್ಟಿದ್ದೇನೆ. ಸುಮ್ನೆ ತೋಳಿಗೆ ಬಿಪಿ ಯಂತ್ರದ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಆಗಲ್ಲ. ಐದು ನಿಮಿಷ ಕೂರಿಸಿದರು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ಮಾತಾಡುವಂತಿಲ್ಲ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇಲ್ಲಿ ದೊಡ್ಡ ಪಟ್ಟಿ ಒಂದೇ ಇದೆ, ಅದಕ್ಕೆ ಕಾಯುತ್ತಿದ್ದಾರೆ. ಪೆಟ್ಟಿಗೆ ತುಂಬ ಸಿರಪ್ ಕಳಿಸಿದವರು ಇಂಥದ್ದೊಂದು ಪಟ್ಟಿ ಕಳಿಸಬಹುದಿತ್ತಲ್ಲ? ಸರಿ, ಬಿಟ್ಟೆ.

ಬಿಪಿಗೂ ಬಾವಿಗೂ ಸಂಬಂಧ ಇದೆ. ಕಡಲ ಹತ್ತಿರದ ಬಾವಿಗಳಿಗೆ ಉಪ್ಪು ನುಗ್ಗುತ್ತದೆ, ಸಿಹಿ ನೀರು ಜಾಸ್ತಿ ಎತ್ತಿದಷ್ಟೂ ಇನ್ನೂ ಒಳಗೆ ಬರುತ್ತದೆ. ದಿನಕ್ಕೆ ಉಪ್ಪು 5 ಗ್ರಾಂ ಒಳಗಿರಲಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕುಡಿಯುವ ನೀರಲ್ಲೇ ಉಪ್ಪಿದ್ದರೆ ಅಡುಗೆಯಲ್ಲಿ ಕಡಿಮೆ ಮಾಡಿ ಅಂದು ಎಷ್ಟು ಪ್ರಯೋಜನ? ಬಾಂಗ್ಲಾದೇಶದ ಕರಾವಳಿಯಲ್ಲಿ ಉಪ್ಪು ನೀರು ಕುಡಿಯುವ ಗರ್ಭಿಣಿಯರಲ್ಲಿ ಬಿಪಿ ಏರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಕುದಿಸಿದರೆ ಉಪ್ಪು ಹೋಗುವುದಿಲ್ಲ. ಕ್ಲೋರಿನ್ ಹಾಕಿದರೂ ಹೋಗುವುದಿಲ್ಲ. ರೋಗಾಣು ಸಾಯುತ್ತವೆ ಅಷ್ಟೇ. ಅದಕ್ಕೇ ಮಾಡಿನ ಅಂಚಿಗೆ ನೀರು ಹರಿಯುವ ದಂಬೆ ಕಟ್ಟಿ ಡ್ರಮ್ಮಿಗೆ ಮಳೆ ನೀರು ತುಂಬಿಸುತ್ತಿದ್ದಾರೆ. ಡ್ರಮ್ಮಿಗೆ ಮುಚ್ಚಳ ಬೇಕು, ಇಲ್ಲದಿದ್ದರೆ ಸೊಳ್ಳೆ ಮರಿ.

ಓಆರ್‌ಎಸ್, ಅಂದರೆ ಭೇದಿಯಾದಾಗ ಕುಡಿಸುವ ಉಪ್ಪು-ಗ್ಲೂಕೋಸ್ ನೀರು, ಅದನ್ನು ಬೆರೆಸೋದು ಕಲಿಸುವಾಗಲೂ ಅಕ್ಕ ಇದನ್ನೇ ಹೇಳಿದರು. ಸಪ್ಪೆ ನೀರೇ ಬೇಕು, ಉಪ್ಪು ಬಾವಿಯದ್ದು ಬೇಡ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು, ಪ್ಯಾಕೆಟ್ ಪೂರ್ತಿ. ನೀರು ಕಡಿಮೆಯಾದರೆ ಮಗುವಿಗೆ ಉಪ್ಪು ಜಾಸ್ತಿಯಾಗುತ್ತದೆ.

ಇಲ್ಲಿ ಒಬ್ಬರನ್ನು ನೆನೆಯಲೇಬೇಕು. 1971ರ ಬಾಂಗ್ಲಾ ಯುದ್ಧದ ಹೊತ್ತು, ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ನರಕ್ಕೆ ಹಾಕುವ ಸಲೈನ್ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟರು. ಕುಡಿಸಿದವರು ರೋಗಿಗಳ ಮನೆಯವರೇ. ಸಾವು ಶೇಕಡಾ 30ರ ಆಸುಪಾಸಿನಿಂದ 4ಕ್ಕಿಂತ ಕೆಳಗೆ ಇಳಿಯಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು. ಡಾಕ್ಟರ್ ಅಲ್ಲದವರ ಕೈಗೆ ಇಷ್ಟು ದೊಡ್ಡ ಕೆಲಸ ಕೊಡಬಹುದು ಅಂತ ನಂಬಿದ್ದಕ್ಕೇ ಅವರು ನನಗೆ ಇಷ್ಟ.

ಆದರೆ ನಂಬಿಕೆ ಬೇರೆ, ಬಿಟ್ಟಿ ದುಡಿಸುವುದು ಬೇರೆ. ವಾರಕ್ಕೆ ಒಂದು ಹೊತ್ತು ಬಂದು ಹೋಗುವವರು ಸ್ವಯಂಸೇವಕರು. ದಿನಾ ಬೆಳಗ್ಗೆಯಿಂದ ಮನೆ ಮನೆ ಸುತ್ತುವ ಅಕ್ಕನಿಗೆ ಸೇವೆ ಅಂತ ಹೆಸರಿಟ್ಟು ಸಂಬಳ ತಪ್ಪಿಸುವುದು ಅನ್ಯಾಯ. ಸಮುದಾಯದ ಆರೋಗ್ಯ ಕಾರ್ಯಕರ್ತರಿಗೆ ಕೆಲಸಕ್ಕೆ ತಕ್ಕ ಸಂಭಾವನೆ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲೇ ಹೇಳಿದೆ. ಹೊರಗಿನಿಂದ ಬರುವ ನಮ್ಮಂಥವರು ರಿಜಿಸ್ಟರ್ ಬರೆಯಬಹುದು, ಪೆಟ್ಟಿಗೆ ಹೊರಬಹುದು, ಡ್ರಮ್ ತೊಳೆಯಬಹುದು. ಅಕ್ಕನ ಜಾಗ ತುಂಬೋಕೆ ಆಗಲ್ಲ.

ದೋಣಿಯವರು ಕರೆಯುತ್ತಿದ್ದಾರೆ, ನೀರು ಇಳಿದರೆ ದೋಣಿ ಕೆಸರಲ್ಲಿ ಕೂರುತ್ತದಂತೆ. ಬೇಡದ ಔಷಧಿ ಪೆಟ್ಟಿಗೆಗಳು ನಮ್ಮ ಜೊತೆಗೇ ವಾಪಸ್. ಮಳೆ ನೀರಿನ ಡ್ರಮ್ಮಿಗೆ ಜಾಲರಿ ಕಟ್ಟುವುದನ್ನು ಪೂರ್ತಿ ಶೂಟ್ ಮಾಡಿದ್ದೇನೆ, ಮುಂದಿನ ವಿಡಿಯೋ ಅದೇ. ಈ ಪೆಟ್ಟಿಗೆಯ ಆ ತುದಿ ಯಾರಾದರೂ ಹಿಡಿಯಿರಪ್ಪಾ, ಕ್ಯಾಮೆರಾ ಆಫ್ ಮಾಡುತ್ತೇನೆ.